ಇದು ನಿಜವಾಗಿ ಕೊಡಗಿನ ಕಿತ್ತಳೆಯಾ?

ಪ್ರಶ್ನೆ: ಅಂಗಡಿಯಲ್ಲಿ ಕೊಡಗಿನ ಕಿತ್ತಳೆ ಅಂತ ಕೊಡ್ತಾರೆ, ತಿಂದರೆ ನಾಗಪುರದ್ದು ಅನ್ನಿಸುತ್ತದೆ. ಹಣ್ಣಿನ ಖನಿಜ ಪರೀಕ್ಷೆ ಮಾಡಿ ಊರು ಹೇಳಬಹುದಂತೆ, ಹೌದಾ?
– ಓದುಗರೊಬ್ಬರು, ಹುಣಸೂರು

ಉತ್ತರ: ಹೌದು, ಹೇಳಬಹುದು. ಅದರಲ್ಲೂ ನೀವು ಕೇಳಿರುವ ಜೋಡಿ ಈ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ. ನಾಗಪುರದ ಕಡೆ ಕಿತ್ತಳೆ ಬೆಳೆಯುವುದು ಹೆಚ್ಚಾಗಿ ದಖ್ಖನ್ನಿನ ಲಾವಾ ಕಲ್ಲು ಸವೆದು ಆದ ಕಪ್ಪು ಮಣ್ಣಿನಲ್ಲಿ. ಆ ಕಲ್ಲಿಗೆ ಸುಮಾರು 6.6 ಕೋಟಿ ವರ್ಷ. ಕೊಡಗಿನ ಬಂಡೆಗಳಿಗೆ 300 ಕೋಟಿ ವರ್ಷದಷ್ಟು ವಯಸ್ಸು. ಈ ಅಂತರ ಹಣ್ಣಿನ ತೊಳೆಯೊಳಗೂ ಸಿಗುತ್ತದೆ!

ಬಂಡೆಯಲ್ಲಿರುವ ರುಬಿಡಿಯಂ-87 ಎಂಬ ಧಾತು (ಅಂಕಿ ಪರಮಾಣುವಿನ ತೂಕ ಸೂಚಿಸುತ್ತದೆ) ತುಂಬಾ ನಿಧಾನವಾಗಿ ಸ್ಟ್ರಾನ್ಷಿಯಂ-87 ಎಂಬ ಇನ್ನೊಂದು ಧಾತು ಆಗುತ್ತಾ ಹೋಗುತ್ತದೆ, ಅರ್ಧ ಭಾಗ ಬದಲಾಗುವುದಕ್ಕೇ ಸುಮಾರು 4,900 ಕೋಟಿ ವರ್ಷ ಬೇಕು. ಹಾಗಾಗಿ ರುಬಿಡಿಯಂ ಇರುವ ಹಳೆಯ ಬಂಡೆಯಲ್ಲಿ ಸ್ಟ್ರಾನ್ಷಿಯಂ-86ಕ್ಕೆ ಹೋಲಿಸಿದರೆ 87 ಜಾಸ್ತಿ, ಲಾವಾ ಕಲ್ಲಿನಲ್ಲಿ ಕಮ್ಮಿ. ಬೇರು ಕ್ಯಾಲ್ಸಿಯಂ ಜೊತೆ ಸ್ಟ್ರಾನ್ಷಿಯಂ ಅನ್ನೂ ಹೀರುತ್ತದೆ. ಹಣ್ಣಿಗೆ ಬರುವಷ್ಟರಲ್ಲೂ ಆ ಅನುಪಾತ ಹೆಚ್ಚುಕಮ್ಮಿ ಹಾಗೇ ಇರುತ್ತದೆ.

ಲ್ಯಾಬಿನಲ್ಲಿ ತೊಳೆಯನ್ನು ಒಣಗಿಸಿ, ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಸಾವಿರಾರು ಡಿಗ್ರಿ ಬಿಸಿಯ ಆರ್ಗಾನ್ ಪ್ಲಾಸ್ಮಾಗೆ (ವಿದ್ಯುದಾವೇಶವಿರುವ ಅನಿಲಕ್ಕೆ) ಬಿಡುತ್ತಾರೆ. ಅಲ್ಲಿ ಬಿಡಿಬಿಡಿಯಾದ ಪರಮಾಣುಗಳನ್ನು ಯಂತ್ರ ತೂಕದ ಪ್ರಕಾರ ಬೇರೆ ಮಾಡಿ ಎಣಿಸುತ್ತದೆ. ಬೇರಿಯಂ, ಸೀಸಿಯಂನಂಥವು ಕೂಡ ಲೆಕ್ಕಕ್ಕೆ ಬರುತ್ತವೆ. ಪೊಟ್ಯಾಶಿಯಂ, ತಾಮ್ರ ನಂಬುವಂತಿಲ್ಲ. ಒಂದು ಗೊಬ್ಬರದಿಂದ ಬಂದಿರಬಹುದು, ಇನ್ನೊಂದು ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಸೇರಿಸಿದ ಶಿಲೀಂಧ್ರನಾಶಕ) ಹೊಡೆದದ್ದರಿಂದ.

ಆದರೆ ಯಂತ್ರ ಊರಿನ ಹೆಸರು ಹೇಳುವುದಿಲ್ಲ, ಬರೀ ಅಂಕಿ ಕೊಡುತ್ತದೆ. ಆ ಅಂಕಿಯನ್ನು ಹೋಲಿಸಿ ನೋಡಲು ಕೊಡಗಿನ ಬೇರೆ ಬೇರೆ ತೋಟಗಳಿಂದ, ಬೇರೆ ಬೇರೆ ವರ್ಷಗಳಲ್ಲಿ, ಮರದಿಂದಲೇ ಕಿತ್ತು ತಂದ ಹಣ್ಣುಗಳ ದಾಖಲೆ ಬೇಕು. ನನ್ನ ಪ್ರಕಾರ ದುಡ್ಡು ಹಾಕಬೇಕಾದ್ದು ಮೊದಲು ಇಲ್ಲಿ. ಕೊಡಗಿನ ಕಿತ್ತಳೆಗೆ ಜಿಐ (ಭೌಗೋಳಿಕ ಸೂಚಕ, ಅಂದರೆ ಆ ಊರಿನ ಬೆಳೆಗೆ ಮಾತ್ರ ಆ ಹೆಸರು) ಮಾನ್ಯತೆ ಇದೆ, ಸರಿ. ಆದರೆ ಹೆಸರು ಕದ್ದವರನ್ನು ಹಿಡಿಯಲು ಸರ್ಟಿಫಿಕೇಟ್ ಒಂದೇ ಸಾಕಾಗಲ್ಲ ಅಲ್ವಾ? ಗ್ರೀನಿಂಗ್ ಎಂಬ ಬ್ಯಾಕ್ಟೀರಿಯಾ ರೋಗ ಬಂದು ಕಾಫಿ ತೋಟದೊಳಗಿನ ಎಷ್ಟೋ ಕಿತ್ತಳೆ ಗಿಡಗಳು ಹೋಗಿವೆ. ಉಳಿದವುಗಳ ಹಣ್ಣನ್ನಾದರೂ ಈಗಲೇ ಪರೀಕ್ಷಿಸಿ ದಾಖಲಿಸಬೇಕು.

ಒಂದು ಮಿತಿಯೂ ಇದೆ. ಪಕ್ಕದ ವಯನಾಡಿನಲ್ಲೂ ಹಳೆಯ ಬಂಡೆಗಳೇ, ಅಲ್ಲಿಯ ಹಣ್ಣನ್ನು ಕೊಡಗಿನದರಿಂದ ಬೇರೆ ಮಾಡುವುದು ಕಷ್ಟ.

ಪ್ರಶ್ನೆ: ಮನೆಯಲ್ಲೇ ಗೊತ್ತು ಮಾಡಿಕೊಳ್ಳಬಹುದಾ?
– ಅವರೇ

ಉತ್ತರ: ಖನಿಜ ನೋಡಿ ಆಗಲ್ಲ. ಒಂದು ಕೆಜಿ ಹಣ್ಣಿಗೋಸ್ಕರ ಲ್ಯಾಬಿಗೆ ಹೋಗುವುದೂ ದಂಡ. ಕೊಡಗಿನದು ಹಸಿರು ಮಿಶ್ರಿತ ಹಳದಿ ಬಣ್ಣ, ಸಿಹಿಯ ಜೊತೆ ಹುಳಿ ಇರುತ್ತದೆ. ಬರೀ ಸಿಹಿ ಇದ್ದರೆ ಅಂಗಡಿಯವರನ್ನು ಯಾವ ತೋಟದ್ದು ಅಂತ ಕೇಳಿ.