ಕುದುರೇನ ಹಸು ತಳ್ಳಿತು: ನಿಮ್ಮ ಲೇಖನ ತಿದ್ದಿ ಬರಬೇಕು

ನಮಸ್ಕಾರ,

ಭಾಷಾ ಬೆಳವಣಿಗೆಯ ತೊಂದರೆ (ಡಿಎಲ್‌ಡಿ) ಇರುವ ಮಕ್ಕಳು ಪದಗಳು ಹಿಂದುಮುಂದಾದ ವಾಕ್ಯಗಳಲ್ಲಿ ಎಡವುತ್ತಾರೆ ಎಂಬ ನಿಮ್ಮ ಲೇಖನ ಓದಿದೆವು. ವಾಕ್ಯ ಕೇಳಿಸಿ, ಎರಡು ಚಿತ್ರಗಳಲ್ಲಿ ಅದಕ್ಕೆ ಹೊಂದುವುದನ್ನು ಮಗುವಿನಿಂದ ತೋರಿಸಿಸುವ ಪರೀಕ್ಷೆ ನಿಮ್ಮದು. ವಿಷಯ ಒಳ್ಳೆಯದು. ಆದರೆ ಉದಾಹರಣೆಗಳು ಕೈಕೊಟ್ಟಿವೆ, ಹಾಗಾಗಿ ಈಗಿರುವಂತೆ ಪ್ರಕಟಿಸಲಾಗದು.

‘ಹುಡುಗಿ ಹುಡುಗನಿಂದ ತಳ್ಳಲ್ಪಟ್ಟಳು’ ಎಂಬುದನ್ನು ಮೊದಲು ತೆಗೆಯಿರಿ. ಇಂಗ್ಲಿಷ್ ಪರೀಕ್ಷೆಗಳಲ್ಲಿ ಕರ್ಮಣಿ ಪ್ರಯೋಗ ಇರುತ್ತದೆ, ನಿಜ. ನಮ್ಮಲ್ಲಿ ಅದು ಸುತ್ತೋಲೆಗಳ ಭಾಷೆ. ಆರು ವರ್ಷದ ಯಾವ ಮಗುವಾದರೂ ತಡವರಿಸೀತು.

‘ಹುಡುಗಿಯನ್ನು ಹುಡುಗ ತಳ್ಳಿದ’ ಕೂಡ ನಡೆಯದು. ‘ತಳ್ಳಿದ’ ಎಂದೊಡನೆ ತಳ್ಳಿದವನು ಗಂಡು ಎಂದು ತಿಳಿದುಹೋಯಿತು. ವಿಭಕ್ತಿಯ ಕಡೆ ಕಿವಿ ಕೊಡದ ಮಗುವೂ ಸರಿಯಾದ ಚಿತ್ರ ತೋರಿಸುತ್ತದೆ. ಆನೆ–ಇಲಿ ಜೋಡಿಯಲ್ಲಿ ಲೋಕಜ್ಞಾನವೇ ಉತ್ತರ ಹೇಳಿಕೊಡುತ್ತದೆ. ಒಂದೇ ಲಿಂಗದ, ಯಾರು ಯಾರನ್ನು ತಳ್ಳಿದರೂ ಒಪ್ಪುವ ಜೋಡಿ ಬೇಕು: ‘ಹಸು ಕುದುರೇನ ತಳ್ಳಿತು’, ‘ಕುದುರೇನ ಹಸು ತಳ್ಳಿತು’. ಈಗ ಉಳಿಯುವ ಸುಳಿವು ಆ ಸಣ್ಣ ‘ನ’ ಮಾತ್ರ. ‘ಹಸು ತಳ್ಳಿದ ಕುದುರೆ’, ‘ಹಸೂನ ತಳ್ಳಿದ ಕುದುರೆ’ಗಳಲ್ಲೂ ಅಷ್ಟೇ. ಓದಿ ಹೇಳುವವರು ‘ನ’ವನ್ನು ಒತ್ತಿ ಹೇಳಿದರೆ ಪರೀಕ್ಷೆ ಕೆಟ್ಟಿತು, ಒಂದೇ ದನಿಯಲ್ಲಿ ಮೊದಲೇ ಧ್ವನಿಮುದ್ರಿಸಿಕೊಳ್ಳಿ. ಕುದುರೆಯ ಮಾತೇ ಬಂದಿರದಾಗ ‘ಕುದುರೇನ’ ಎಂದು ಶುರುಮಾಡಿದರೆ ದೊಡ್ಡವರಿಗೂ ವಿಚಿತ್ರ ಎನಿಸುತ್ತದೆ. ಅದಕ್ಕೇ ತೊಂದರೆಯಿಲ್ಲದ ಅದೇ ವಯಸ್ಸಿನ ಮಕ್ಕಳನ್ನೂ ಕೇಳಬೇಕು.

ಒಂದು ಮಗುವಿನ ಬಗ್ಗೆ ‘ಹತ್ತರಲ್ಲಿ ಆರು ಸರಿ, ಅಂದರೆ ಅರ್ಧಂಬರ್ಧ ತಿಳಿಯುತ್ತದೆ’ ಎಂದಿದ್ದೀರಿ. ಎರಡೇ ಚಿತ್ರ ಇದ್ದಾಗ ಸುಮ್ಮನೆ ಬೆರಳಿಟ್ಟರೂ ಆರು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ಶೇ. 38ರ ಹತ್ತಿರ, ಒಂಬತ್ತು ಅಥವಾ ಹತ್ತು ಸರಿಯಾಗುವುದು ಶೇ. 1ರಷ್ಟೇ. ನಿಮ್ಮ ಪರೀಕ್ಷೆಯ ಇನ್ನೊಂದು ಮಗು ಹತ್ತಕ್ಕೆ ಹತ್ತೂ ತಪ್ಪು ಹೇಳಿದೆ, ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ! ಲೇಖನದ ಜೀವ ಇರುವುದೇ ಅಲ್ಲಿ. ಆ ಮಗು ಊಹಿಸುತ್ತಿಲ್ಲ. ಮೊದಲು ಬಂದದ್ದೇ ಕರ್ತೃ ಎಂಬ ನಿಯಮ ಹಿಡಿದಿದೆ. ಖಚಿತಪಡಿಸಿಕೊಳ್ಳಲು ಅದೇ ಜೋಡಿಗಳ ಹತ್ತು ಸಾಮಾನ್ಯ ಕ್ರಮದ ವಾಕ್ಯಗಳನ್ನು ನಡುನಡುವೆ ಬೆರೆಸಿ, ಸರಿ ಚಿತ್ರ ಎಡಕ್ಕೂ ಬಲಕ್ಕೂ ಸಮನಾಗಿ ಬರಲಿ. ಸಾಮಾನ್ಯ ಕ್ರಮದವು ಸರಿಯಾಗಿ, ಹಿಂದುಮುಂದಾದವು ಮಾತ್ರ ತಪ್ಪಿದರೆ ನಿಮ್ಮ ವಾದ ನಿಲ್ಲುತ್ತದೆ. ಸಾಮಾನ್ಯ ವಾಕ್ಯವೇ ತಪ್ಪಿದರೆ ಪದಗಳೇ ಗೊತ್ತಿಲ್ಲವೇ, ಗಮನ ಇರಲಿಲ್ಲವೇ ಎಂದು ನೋಡಿ. ಕಿವಿ ತಪಾಸಣೆ ಎಲ್ಲಕ್ಕಿಂತ ಮೊದಲು ಆಗಿರಬೇಕು.

ಮನೆಯಲ್ಲಿ ಎರಡು ಭಾಷೆ ಆಡುವುದೇ ಕಾರಣ ಎಂಬ ಪ್ಯಾರಾ ತಪ್ಪು, ಪೂರ್ತಿ ಕೈಬಿಡಿ. ಪೀಠಿಕೆಯ ಮೂರು ಪ್ಯಾರಾಗಳೂ ಬೇಡ. ಹತ್ತೂ ತಪ್ಪಿದ ಮಗುವಿನ ಉತ್ತರಗಳಿಂದಲೇ ಶುರುಮಾಡಿ, 700 ಪದಗಳೊಳಗೆ ಮತ್ತೆ ಕಳಿಸಿ.

— ಸಂಪಾದಕರು