ವಿದ್ಯಾರ್ಥಿಗಳನ್ನು ವಿದೇಶ ಪ್ರವಾಸಕ್ಕೆ ಕರೆದುಕೊಂಡು ಹೋಗುವಾಗ ಯಾವುದಕ್ಕೆ ಜಾಸ್ತಿ ತಯಾರಿ ಬೇಕು?

24 ಮಕ್ಕಳು, ಮೂವರು ಶಿಕ್ಷಕರು, ಎಲ್ಲರಿಗೂ ಪ್ಯಾರಿಸ್ ಹೊಸದು ಅಂತ ಬರೆದಿದ್ದೀರಿ. ಹೀಗೆ ಮಕ್ಕಳ ಜೊತೆ ನಾನು ಮೂರು ಸಲ ಹೋಗಿ ಬಂದಿದ್ದೇನೆ. ಗುಂಪಿನಿಂದ ತಪ್ಪಿಸಿಕೊಂಡರೆ ಏನು ಮಾಡಬೇಕು ಅನ್ನೋದನ್ನು ಹೊರಡುವ ಮೊದಲೇ ಮಕ್ಕಳಿಗೆ ಬಾಯಿಪಾಠ ಮಾಡಿಸಿ. ಬೇರೆ ಎಲ್ಲ ತಯಾರಿ ಅದರ ನಂತರ.

ನಮಗೆ ಆಗಿದ್ದನ್ನು ಹೇಳ್ತೀನಿ. ಲೂವ್ರ್ ಮ್ಯೂಸಿಯಂ ನೋಡಿ, ಮೆಟ್ರೋ ಲೈನ್ 1ರಲ್ಲಿ ಆರ್ಕ್ ದ ಟ್ರಯಂಫ್ ಅನ್ನೋ ದೊಡ್ಡ ಕಮಾನಿನ ಕಡೆಗೆ ಹೊರಟಿದ್ದೆವು. ಮಕ್ಕಳು ಎರಡು ಬಾಗಿಲುಗಳಿಂದ ಹತ್ತಿದರು. ಬಾಗಿಲು ಮುಚ್ಚಿದ ಮೇಲೆ ನೋಡಿದರೆ ಒಬ್ಬ ಹುಡುಗಿ ಪ್ಲಾಟ್‌ಫಾರ್ಮ್ ಮೇಲೇ ಇದ್ದಾಳೆ. ಶೂ ಲೇಸ್ ಕಟ್ಟೋಕೆ ಬಗ್ಗಿದ್ದಳಂತೆ. ಆ ಲೈನ್‌ನ ರೈಲುಗಳಿಗೆ ಡ್ರೈವರ್ ಇರುವುದಿಲ್ಲ. ಕೂಗಿ ನಿಲ್ಲಿಸೋಣ ಅಂದರೆ ಕೇಳುವವರೇ ಇಲ್ಲ. ನನ್ನ ಕೈಕಾಲು ತಣ್ಣಗಾದವು.

ನಮ್ಮ ನಿಯಮ ಇಷ್ಟೇ ಇತ್ತು. ಹಿಂದೆ ಉಳಿದವರು ನಿಂತಲ್ಲೇ ನಿಲ್ಲಬೇಕು. ಹತ್ತಿದವರು ಮುಂದಿನ ಸ್ಟೇಷನ್‌ನಲ್ಲಿ ಇಳಿಯಬೇಕು. ಒಬ್ಬ ಶಿಕ್ಷಕರು ಮಾತ್ರ ವಾಪಸ್ ಹೋಗಬೇಕು. ಎಲ್ಲರೂ ಮುಂದಿನ ಸ್ಟೇಷನ್ ಟ್ವಿಲೆರಿಯಲ್ಲಿ ಇಳಿದೆವು, ನಾನು ಎದುರಿನ ರೈಲು ಹಿಡಿದೆ. ಹುಡುಗಿ ಗೋಡೆಗೆ ಬೆನ್ನು ಕೊಟ್ಟು, ಹೋಟೆಲ್ ವಿಳಾಸದ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಲೇಸ್ ಇನ್ನೂ ಬಿಚ್ಚಿಯೇ ಇತ್ತು. "ಮೇಡಂ, ನಾನು ಒಂದು ಹೆಜ್ಜೆನೂ ಆಚೀಚೆ ಹೋಗಿಲ್ಲ" ಅಂದಳು. ಅವಳು ಮುಂದಿನ ರೈಲು ಹತ್ತಿ ನಮ್ಮನ್ನು ಹುಡುಕಿಕೊಂಡು ಬಂದಿದ್ದರೆ ಎರಡು ರೈಲುಗಳಲ್ಲಿ ಒಬ್ಬರನ್ನೊಬ್ಬರು ದಾಟಿ ಹೋಗುತ್ತಿದ್ದೆವು, ಅಲ್ವಾ?

ಅಂಥ ಕಾರ್ಡ್ ಪ್ರತಿ ಮಗುವಿನ ಜೇಬಿನಲ್ಲೂ ಇರಲಿ. ಹೋಟೆಲ್ ವಿಳಾಸ, ಮೂವರು ಶಿಕ್ಷಕರ ನಂಬರ್, ತುರ್ತು ಸಂಖ್ಯೆ 112. ಇದು ಯುರೋಪಿಯನ್ ಒಕ್ಕೂಟದ ಎಲ್ಲ ದೇಶಗಳಲ್ಲೂ ನಡೆಯುತ್ತದೆ. ಮೊಬೈಲ್‌ನಲ್ಲಿ ಇದೆ ಅಂತ ಸುಮ್ಮನಾಗಬೇಡಿ. ಮಧ್ಯಾಹ್ನದ ಹೊತ್ತಿಗೆ ಫೋಟೋ ತೆಗೆದೂ ತೆಗೆದೂ ಅರ್ಧ ಮಕ್ಕಳ ಚಾರ್ಜ್ ಮುಗಿದಿರುತ್ತದೆ. ಪವರ್ ಬ್ಯಾಂಕ್ ತರಲಿ, ಆದರೆ ವಿಮಾನದಲ್ಲಿ ಅದು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜ್‌ನಲ್ಲಿ ಬಿಡುವುದಿಲ್ಲ.

ಎಣಿಕೆಯನ್ನು ತಲೆ ನೋಡಿ ಮಾಡಬೇಡಿ. ಮಕ್ಕಳಿಗೆ 1ರಿಂದ 24 ನಂಬರ್ ಕೊಟ್ಟು ಕೂಗಿಸಿ. 17 ಕೇಳಿಸದಿದ್ದರೆ ಯಾರಿಲ್ಲ ಅಂತ ತಕ್ಷಣ ಗೊತ್ತಾಗುತ್ತದೆ. ಹತ್ತುವ ಮೊದಲು ಒಮ್ಮೆ, ಇಳಿದ ಮೇಲೆ ಒಮ್ಮೆ. ಆ ದಿನ ನಾವು ಹತ್ತುವ ಮೊದಲಿನದನ್ನು ಬಿಟ್ಟಿದ್ದೆವು.

ಲೂವ್ರ್‌ನಲ್ಲಿ ಮೋನಾಲಿಸಾ ಕೋಣೆಯ ಬಗ್ಗೆ ಎಚ್ಚರ. ಚಿತ್ರ 77 ಸೆಂಟಿಮೀಟರ್ ಎತ್ತರ ಅಷ್ಟೇ, ಹತ್ತಿರದಿಂದ ನೋಡೋಕೆ ಮಕ್ಕಳು ಗುಂಪಿನೊಳಗೆ ನುಗ್ಗಿಬಿಡುತ್ತಾರೆ. ನಾವು ರೆಕ್ಕೆಯ ವಿಜಯದೇವತೆ ವಿಗ್ರಹದ ಮೆಟ್ಟಿಲಿನ ಹತ್ತಿರ ಸೇರಲು ಹೇಳಿದ್ದೆವು. ಅಷ್ಟು ದೊಡ್ಡ ವಿಗ್ರಹ ಯಾರಿಗೂ ತಪ್ಪುವುದಿಲ್ಲ. ಮಂಗಳವಾರ ಲೂವ್ರ್‌ಗೆ ರಜೆ, ಸೋಮವಾರ ಓರ್ಸೇ ಮ್ಯೂಸಿಯಂಗೆ ರಜೆ. ಇದನ್ನು ನೋಡಿಕೊಂಡು ದಿನಗಳನ್ನು ಹಾಕಿ.

ಇನ್ನೊಂದು. ಆ ರಾತ್ರಿಯೇ ಹುಡುಗಿಯ ತಾಯಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ, ಎಣಿಕೆ ಬಿಟ್ಟಿದ್ದನ್ನೂ ಸೇರಿಸಿ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ "ನಾಳೆ ಅವಳನ್ನು ನಿಮ್ಮ ಪಕ್ಕದಲ್ಲೇ ಇಟ್ಟುಕೊಳ್ಳಿ" ಅಂದರು. ಇಟ್ಟುಕೊಂಡೆ.