ಕುಂಬಳೆಯ ಹಳೆಯ ಟೋಪೋಶೀಟನ್ನು ಅಳಿವೆಗೆ ಕಟ್ಟಬೇಡಿ

ತಾವು ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ (ಭೂಲಕ್ಷಣ ನಕ್ಷೆ) 48 ಎಲ್/14ರ ಹಳೆಯ, ಮೈಲಿಗೆ ಒಂದಿಂಚಿನ ಹಾಳೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿ, ಕಾಸರಗೋಡಿನ ಕುಂಬಳೆ ಬಳಿಯ ಶಿರಿಯ ಹೊಳೆಯ ಬಾಯಿಯಲ್ಲಿ ಇನ್ನೂರು ಮೀಟರ್ ಜೌಗು ನೆಲ ಕಡಲುಪಾಲಾಗಿದೆ ಎಂದು ಬರೆದಿದ್ದೀರಿ. ಆದರೆ ಹಾಳೆಯನ್ನು ಚಿತ್ರಕ್ಕೆ ಹೊಂದಿಸಲು ಆರಿಸಿಕೊಂಡ ಬಿಂದುಗಳು ಯಾವುವು? ಅಳಿವೆಯ ಮರಳದಿಬ್ಬದ ತುದಿ, ಎರಡು ಕುದ್ರುಗಳ (ಹೊಳೆ ನಡುವಿನ ದ್ವೀಪಗಳ) ಮೂಲೆ, ಕಡಲಂಚಿನ ಒಂದು ತಿರುವು. ಮಳೆಗಾಲಕ್ಕೊಮ್ಮೆ ಜಾಗ ಬದಲಿಸುವ ಅಳಿವೆಗೆ ನಕ್ಷೆಯನ್ನು ಕಟ್ಟಿ, ಅದೇ ನಕ್ಷೆಯಿಂದ ಅಳಿವೆ ಎಷ್ಟು ಸರಿದಿದೆ ಎಂದು ಅಳೆಯಲಾಗದು.

ಬಿಂದುಗಳನ್ನು ಹಾಳೆಯ ಐದೈದು ನಿಮಿಷದ (ನಿಮಿಷವೆಂದರೆ ಡಿಗ್ರಿಯ ಅರವತ್ತನೇ ಪಾಲು) ಅಕ್ಷಾಂಶ, ರೇಖಾಂಶಗಳು ಕೂಡುವಲ್ಲಿಂದಲೇ ತೆಗೆದುಕೊಳ್ಳಿ. ಅವು ಎವರೆಸ್ಟ್ ಡೇಟಮಿನವು, ಅಂದರೆ ಭಾರತದ ಹಳೆಯ ಸರ್ವೆಗಳು ಅಕ್ಷಾಂಶ, ರೇಖಾಂಶಗಳಿಗೆ ಆಧಾರವಾಗಿ ಹಿಡಿದ ಲೆಕ್ಕದವು. ಬದಲಿಗೆ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಎಂದು ತುಂಬಿದರೆ ನಮ್ಮ ಕರಾವಳಿಯಲ್ಲಿ ಹಾಳೆಯೇ ನೂರು ಮೀಟರಿಗೂ ಹೆಚ್ಚು ಸರಿಯುತ್ತದೆ. ಇನ್ನೂ ಹಳೆಯ ಮುದ್ರಣವಾದರೆ ಅಂಚಿನ ಸಣ್ಣ ಅಕ್ಷರಗಳನ್ನು ಓದದೆ ಮುಂದುವರಿಯಬೇಡಿ. ಮದ್ರಾಸು ವೀಕ್ಷಣಾಲಯದ ಹಳೆಯ ರೇಖಾಂಶವನ್ನು ಹಿಡಿದು ಮಾಡಿದ ಹಾಳೆಗಳಲ್ಲಿ ರೇಖಾಂಶದಿಂದ ಕೆಲವು ನಿಮಿಷ ಕಳೆಯಬೇಕಾಗುತ್ತದೆ. ಇಲ್ಲಿ ಒಂದು ನಿಮಿಷವೆಂದರೆ ಸುಮಾರು 1.8 ಕಿಲೋಮೀಟರ್, ಮರೆತರೆ ಕುಂಬಳೆ ಪೇಟೆ ಗುಡ್ಡ ಹತ್ತಿ ಕುಳಿತಿರುತ್ತದೆ.

ಕೂರಿಸಿದ ಮೇಲೆ ಪರೀಕ್ಷೆಗೆ ನಾನು ನಂಬುವುದು ರೈಲುಹಳಿಯನ್ನು ಮತ್ತು ಆರಿಕ್ಕಾಡಿ ಕೋಟೆಯನ್ನು. ಹಳಿ 1907ರಲ್ಲಿ ಮಂಗಳೂರು ತಲುಪಿದ್ದರಿಂದ ಆನಂತರದ ಹಾಳೆಗಳಲ್ಲಷ್ಟೇ ಅದು ಸಿಗುತ್ತದೆ. ಈಗಿನ ಜೋಡಿ ಹಳಿಯಲ್ಲಿ ಹಳೆಯದು ಯಾವುದೆಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಏಕೆಂದರೆ 1:63,360ರಲ್ಲಿ, ಅಂದರೆ ಈ ಒಂದಿಂಚಿನ ಪ್ರಮಾಣದಲ್ಲಿ, ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದ ಮೇಲೆ 32 ಮೀಟರ್ ನುಂಗುತ್ತದೆ.

ನಕ್ಷೆ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಥಿನ್ ಪ್ಲೇಟ್ ಸ್ಪ್ಲೈನ್ ಆರಿಸಿ, ದೋಷ ಸೊನ್ನೆ ಬಂತೆಂದು ದಯವಿಟ್ಟು ಚಿತ್ರ ಹಾಕಬೇಡಿ. ಅದು ಕೊಟ್ಟ ಬಿಂದುಗಳಿಗೆಲ್ಲ, ತಪ್ಪು ಬಿಂದುವಿಗೂ, ಹಾಳೆಯನ್ನು ಎಳೆದು ತಾಗಿಸುವ ವಿಧಾನ. ಚಪ್ಪಟೆ ಸ್ಕ್ಯಾನರಿನ ಪ್ರತಿಗೆ, ಹಾಳೆಯನ್ನು ಬಾಗಿಸದೆ ಇಡಿಯಾಗಿ ಸರಿಸಿ, ತಿರುಗಿಸಿ, ಹಿಗ್ಗಿಸುವ ಮೊದಲ ದರ್ಜೆಯ ಪಾಲಿನೋಮಿಯಲ್ ಸಾಕು. ಮೊಬೈಲಿನಲ್ಲಿ ತೆಗೆದ, ಮಡಿಕೆ ಬಿದ್ದ ಹಾಳೆಯ ಫೋಟೋಗೆ ಯಾವ ವಿಧಾನವೂ ಸಾಲದು. ಗೂಗಲ್ ಅರ್ಥ್‌ನಲ್ಲಿ ಕೈಯಿಂದ ಹಿಗ್ಗಿಸಿ ಕೂರಿಸುವುದು ನೋಡಿ ಸಂತೋಷಪಡಲಿಕ್ಕಷ್ಟೇ ಆಯಿತು.

ಜೌಗಿನ ಅಂಚಿಗೆ ಸಮೋನ್ನತಿ ರೇಖೆಗಳನ್ನು ನೆಚ್ಚಬೇಡಿ. ಒಂದಿಂಚಿನ ಹಾಳೆಯಲ್ಲಿ ಅವು 50 ಅಡಿ ಎತ್ತರಕ್ಕೊಂದರಂತೆ ಇರುವುದರಿಂದ ಬೈಲು, ಕಾಂಡ್ಲ (ಮ್ಯಾಂಗ್ರೋವ್) ಕಾಡು, ಉಪ್ಪುನೀರಿನ ಕಟ್ಟ ಎಲ್ಲವೂ ಮೊದಲ ರೇಖೆಯ ಕೆಳಗೇ ಉಳಿಯುತ್ತವೆ. ಜೌಗನ್ನು ತೋರಿಸಲು ಉಳಿಯುವುದು ನೀಲಿ ಹುಲ್ಲುಗುಚ್ಛದ ಗುರುತು ಮಾತ್ರ. ಅದೂ ಸಾಮಾನ್ಯವಾಗಿ ಮಳೆ ನಿಂತ ಮೇಲಿನ ಸರ್ವೆಯದು, ಕರ್ಕಾಟಕ ತಿಂಗಳ (ಜುಲೈ-ಆಗಸ್ಟ್) ನೆರೆಯದ್ದಲ್ಲ. ನಿಖರ ಅಂಚು ಬೇಕಿದ್ದರೆ ದೊಡ್ಡ ಪ್ರಮಾಣದ ಗ್ರಾಮನಕ್ಷೆಯೇ ಗತಿ. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡಕ್ಕೆ ಸೇರಿದ್ದರಿಂದ ಆ ಕಾಲದ ಕಾಗದಗಳನ್ನು ಆ ಜಿಲ್ಲೆಯ ಹೆಸರಿನಲ್ಲೂ ಹುಡುಕಿ.

ಮುಂದೆ ಕಾಸರಗೋಡು ಪೇಟೆ ಬಳಿಯ ಚಂದ್ರಗಿರಿ ಹೊಳೆಯ ಅಳಿವೆಗೆ ಕೈ ಹಾಕುವುದಾದರೆ ಒಂದು ಮಾತು: ಕಾಸರಗೋಡು ಪೇಟೆ 48 ಎಲ್/14, ಎಲ್/15, 48 ಪಿ/2, ಪಿ/3 ಕೂಡುವ ಮೂಲೆಗೇ ಬರುತ್ತದೆ. ಹಾಳೆಗಳನ್ನು ಒಂದೊಂದಾಗಿ ಕೂರಿಸಿ, ಅಂಚು ಕತ್ತರಿಸಿ, ಆಮೇಲೆ ಜೋಡಿಸಿ.